ಜಯಂತಿಭಾಯಿ ಬಿಟ್ಟುಕೊಟ್ಟ ಒಂದು ಹೊಡೆತ

ಗಾಲ್ಫ್‌ನಲ್ಲಿ ಕಡಿಮೆ ಹೊಡೆತದವನೇ ಗೆದ್ದ ಹಾಗೆ. ಆದರೆ ನಮ್ಮ ಹೊಡೆತಗಳ ಲೆಕ್ಕದ ಕಾರ್ಡನ್ನು ಜೊತೆಗೆ ಆಡುವವರು ಬರೆಯಬೇಕು, ನಾವು ನೋಡಿ ಸಹಿ ಹಾಕಬೇಕು. ಇಪ್ಪತ್ತು ವರ್ಷದ ಹಿಂದೆ ಅಹಮದಾಬಾದಿನ ಒಂದು ಪಂದ್ಯದಲ್ಲಿ ನನ್ನ ಕಾರ್ಡ್ ಬರೆದವರು ಸೂರತ್ತಿನ ಸೀರೆ ವ್ಯಾಪಾರಿ ಜಯಂತಿಭಾಯಿ. ಬೆಳಗ್ಗೆ ಪರಿಚಯವಾದವರು, ಆಟ ಮುಗಿಯುವಷ್ಟರಲ್ಲಿ ತಮ್ಮ ಡಬ್ಬಿಯ ಥೇಪ್ಲಾ ಅರ್ಧ ನನಗೇ ತಿನ್ನಿಸಿದ್ದರು. ಅಂಥವರು ಬರೆದದ್ದನ್ನು ಏನು ನೋಡುವುದು ಅಂತ ಸಹಿ ಹಾಕಿಬಿಟ್ಟೆ.

ಫಲಕದಲ್ಲಿ ನನ್ನ ಹೆಸರೇ ಮೇಲಿತ್ತು. ಮೊತ್ತ ಮಾತ್ರ ನಾನು ಹೊಡೆದದ್ದಕ್ಕಿಂತ ಒಂದು ಕಡಿಮೆ. ಬಹುಮಾನ ಘೋಷಿಸುವ ಮೊದಲೇ ಹೋಗಿ ತೀರ್ಪುಗಾರರಿಗೆ ಹೇಳಿದೆ.

"ಕೊನೇ ಗುಂಡಿಗೆ ಐದು ಹೊಡೆದ, ನಾನೇ ನಾಲ್ಕು ಬರೆದೆ," ಎಂದರು ಜಯಂತಿಭಾಯಿ, ಹಿಂದಿಯಲ್ಲಿ. "ಪರ ಊರಿನ ಹುಡುಗ. ಒಂದಾದರೂ ಬಿಡಬೇಡವೇ?"

"ಕಡಿಮೆ ಬರೆದದ್ದಕ್ಕೆ ಸಹಿ ಹಾಕಿದ್ದಾರೆ, ಆಟದಿಂದಲೇ ಹೊರಗೆ," ಎಂದರು ತೀರ್ಪುಗಾರರು. "ಜಾಸ್ತಿ ಬರೆದಿದ್ದರೆ ತೊಂದರೆ ಇರಲಿಲ್ಲ."

ಆ ಒಂದನ್ನು ಸೇರಿಸಿದ್ದರೂ ನಾನೇ ಗೆಲ್ಲುತ್ತಿದ್ದೆ.

ಜಯಂತಿಭಾಯಿ ಮುಖ ಸಣ್ಣದು ಮಾಡಿಕೊಂಡು, ಉಳಿದ ಥೇಪ್ಲಾನೂ ನನ್ನ ಕೈಗಿಟ್ಟು ಹೋದರು. ಅಂದಿನಿಂದ, ನನ್ನನ್ನು ಕಂಡರಾಗದವರು ಕಾರ್ಡ್ ಬರೆಯಲು ಸಿಕ್ಕರೆ ನನಗೆ ಎಷ್ಟೋ ನೆಮ್ಮದಿ.