ಆಸ್ಪತ್ರೆ ಅಕ್ಕ

ದುಡಿಯಲೆಂದು ಪರದೇಶಕ್ಕೆ ಬಂದವರೇ ತುಂಬಿದ ಆ ಕಟ್ಟಡದಲ್ಲಿ ಯಾರಿಗೆ ಕೆಮ್ಮು ಹತ್ತಿದರೂ ಡಾಕ್ಟರಿಗಿಂತ ಮೊದಲು ಸುದ್ದಿ ಮುಟ್ಟುವುದು ಆಸ್ಪತ್ರೆ ಅಕ್ಕನಿಗೆ. ಅಲ್ಲಿಯ ಭಾಷೆ ಬಲ್ಲವಳು ಅವಳೊಬ್ಬಳೇ. ಲಾಂಡ್ರಿಯ ಇಸ್ತ್ರಿ ಕೆಲಸ ಬಿಟ್ಟು ಓಡಿಬಂದು, "ನೀನು ಸುಮ್ನೆ ಕೂತ್ಕೋ, ನಾನು ಹೇಳ್ತೀನಿ" ಎಂದು ರೋಗಿಯನ್ನು ಗದರಿಸಿ, ಡಾಕ್ಟರೆದುರು ಹಲ್ಲುನೋವನ್ನೂ ಹೆರಿಗೆನೋವಿನ ಹಾಗೆ ನರಳಿ ತೋರಿಸುತ್ತಾಳೆ. "ನೀನೂ ಒಂದ್ಸಲ ತೋರಿಸ್ಕೋ ಅಕ್ಕ" ಎಂದರೆ ಮಾತ್ರ ಮುಖ ಬಿಳಿಚಿಕೊಳ್ಳುತ್ತದೆ. "ವೀಸಾ ಮುಗಿದೋಳು ಹೆಸರು ಬರೆಸಿದ್ರೆ ಸೀದಾ ಊರಿಗೇ ಕಳಿಸ್ತಾರೆ." ಮೊನ್ನೆ ಪಕ್ಕದ ಕೋಣೆಯ ಅಜ್ಜಿಯ ಮೊಣಕಾಲು ನೋವನ್ನು ವಿವರಿಸುತ್ತ, ಮೆಟ್ಟಿಲು ಹತ್ತಿದರೆ ಎದೆ ಹಿಂಡುತ್ತದೆಂದು ತನ್ನದನ್ನೂ ನಡುವೆ ಸೇರಿಸಿಬಿಟ್ಟಳು. ಡಾಕ್ಟರು ಅಜ್ಜಿಯ ಎದೆ ಪರೀಕ್ಷಿಸಿ, ಏನೂ ತೊಂದರೆಯಿಲ್ಲ ಎಂದರು. ಸಂಜೆ ಮೆಟ್ಟಿಲಲ್ಲಿ ಎದೆ ಹಿಂಡಿದಾಗ ಆಸ್ಪತ್ರೆ ಅಕ್ಕ, "ಡಾಕ್ಟರೇ ಹೇಳಿದಾರಲ್ಲ" ಎಂದುಕೊಂಡು ನಿಲ್ಲದೆ ಹತ್ತಿದಳು.