ತಾರೀಖಕ್ಕನ ಡ್ರಾಯರ್‌ನಲ್ಲಿ ಎಪ್ಪತ್ತೊಂದು ಸಹಿ

ಬೆಳಿಗ್ಗೆ ಐದೂವರೆ. ನಾಲ್ಕನೇ ಮಹಡಿಯ ಕಚೇರಿಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಶಾಲು ಹೊದ್ದು ಕಂಪ್ಯೂಟರಿನ ಮುಂದೆ ಕೂತ ಐವತ್ನಾಲ್ಕರ ಹೆಂಗಸು, ಪರದೆಯ ಮೇಲೆ ಸುತ್ತುವ ಪುಟ್ಟ ಚಕ್ರವನ್ನೇ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಾರೆ. ಕಂಪನಿಗಳು ವರ್ಷಕ್ಕೊಮ್ಮೆ ಸರ್ಕಾರಕ್ಕೆ ಒಪ್ಪಿಸಬೇಕಾದ ವಿವರಪತ್ರಗಳನ್ನು ತುಂಬಿ ಕಳಿಸುವುದು ಇವರ ಕೆಲಸ. ಹತ್ತು ಗಂಟೆಯಾದರೆ ಎಲ್ಲರೂ ಸರ್ಕಾರದ ಜಾಲತಾಣಕ್ಕೆ ಮುಗಿಬೀಳುತ್ತಾರೆ, ಚಕ್ರ ಸುಮ್ಮನೆ ತಿರುಗುತ್ತಲೇ ಇರುತ್ತದೆ. "ಈ ಹೊತ್ತಲ್ಲಾದ್ರೆ ನಾನು, ಇದು, ಇಬ್ರೇ. ಹೇಳಿದ ಮಾತು ಕೇಳುತ್ತೆ," ಎಂದು ಕಂಪ್ಯೂಟರಿನ ನೆತ್ತಿ ತಟ್ಟುತ್ತಾರೆ.

ಇವರನ್ನು ಎಲ್ಲರೂ ಕರೆಯುವುದು ತಾರೀಖಕ್ಕ ಎಂದೇ. ಐವತ್ತೆಂಟು ಕಂಪನಿಗಳ ಗಡುವುಗಳು ಇವರ ನಾಲಿಗೆಯ ತುದಿಯಲ್ಲಿವೆ. ಗಡುವು ಒಂದು ದಿನ ದಾಟಿದರೆ ದಂಡ ಶುರು. ಆಮೇಲೆ ಅದು ದಿನದಿನಕ್ಕೂ ಬೆಳೆಯುತ್ತದೆ, ಭಾನುವಾರವೆಂದು ಸುಮ್ಮನಿರುವುದಿಲ್ಲ. ಕಂಪನಿಗೆ ಬೇರೆ, ಅದರ ನಿರ್ದೇಶಕರಿಗೆ ಬೇರೆ. ಇಂಥ ದಂಡ ಬೀಳದಂತೆ ಇಪ್ಪತ್ತಾರು ವರ್ಷ ಕಾದವರಿಗೆ ಒಬ್ಬರಾದರೂ ಭೇಷ್ ಅಂದದ್ದುಂಟೇ? "ಎಲ್ಲಾ ಸರಿಯಾಗಿದ್ರೆ ನಾನೊಬ್ಳು ಇದ್ದೀನಿ ಅಂತಾನೇ ಗೊತ್ತಾಗಲ್ಲ ನೋಡಿ. ಏನಾದ್ರೂ ಎಡವಟ್ಟಾದ್ರೆ ಮಾತ್ರ, ಎಲ್ಲಿ ಅವ್ಳು ಅಂತ ಹುಡುಕ್ತಾರೆ," ಎಂದು ನಗುತ್ತಾರೆ.

ಇವತ್ತು ಹಾಗೆಯೇ ಹುಡುಕುವ ದಿನ. ಹನ್ನೊಂದು ಗಂಟೆಗೆ ಕಂಪನಿಗಳ ನೋಂದಣಿ ಕಚೇರಿಯಲ್ಲಿ ವಿಚಾರಣೆ ಇದೆ. ತಪ್ಪು ತಾರೀಖಕ್ಕನದು, ದಂಡದ ನೋಟಿಸು ಬಂದಿರುವುದು ಒಬ್ಬ ವಿಧವೆಗೆ.

ಆದದ್ದು ಇಷ್ಟು. ನಿರ್ದೇಶಕರು ಸಹಿ ಹಾಕಲು ಈಗ ಪೆನ್ನು ಬೇಕಿಲ್ಲ. ಬೆರಳುದ್ದದ ಒಂದು ಕೀಲಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿ ಗುಟ್ಟಿನ ಸಂಖ್ಯೆ ಒತ್ತಿದರೆ ಸಹಿ ಬಿದ್ದಂತೆಯೇ. ನಿಯಮದ ಪ್ರಕಾರ ಅದು ಅವರವರ ಜೇಬಿನಲ್ಲೇ ಇರಬೇಕು. ಆದರೆ ಯಾರಿಗೆ ಪುರುಸೊತ್ತಿದೆ? "ನಿಮ್ಮತ್ರಾನೇ ಇರಲಿ ಅಕ್ಕ" ಎಂದು ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಹಾಗೆ ಕೊಟ್ಟ ಎಪ್ಪತ್ತೊಂದು ಕೀಲಿಗಳು, ಒಂದೊಂದಕ್ಕೂ ಚೀಟಿ ಕಟ್ಟಿಸಿಕೊಂಡು, ತಾರೀಖಕ್ಕನ ಡ್ರಾಯರ್‌ನಲ್ಲಿ ಮಲಗಿವೆ. ರಟ್ಟಿನ ಪೆಟ್ಟಿಗೆ ಮಾಡುವ ಪುಟ್ಟ ಕಂಪನಿಯೊಂದರ ಯಜಮಾನರ ಕೀಲಿಯೂ ಅಲ್ಲೇ ಇತ್ತು. ಕಳೆದ ವರ್ಷ ಗಡುವಿಗೆ ಎರಡು ದಿನ ಮೊದಲು ತಾರೀಖಕ್ಕ ಎಂದಿನಂತೆ ಅದನ್ನು ಸಿಕ್ಕಿಸಿ ಸಹಿ ಹಾಕಿ ಕಳಿಸಿದರು. ಯಜಮಾನರು ತೀರಿಕೊಂಡು ಆಗಲೇ ಒಂಬತ್ತು ದಿನವಾಗಿತ್ತು.

ಕೆಲವು ತಿಂಗಳ ಮೇಲೆ ಅವರ ಹೆಂಡತಿ ಮರಣಪತ್ರ ಒಪ್ಪಿಸಿದಾಗ ಸರ್ಕಾರದ ಕಂಪ್ಯೂಟರು ಎರಡು ತಾರೀಖುಗಳನ್ನು ತಾಳೆ ನೋಡಿತು. ಸತ್ತವರು ಸಹಿ ಹಾಕುವುದೆಂದರೇನು! ವಿವರಪತ್ರ ರದ್ದಾಯಿತು. ರದ್ದಾದ ಮೇಲೆ ಕಳಿಸಿಯೇ ಇಲ್ಲವೆಂದು ಲೆಕ್ಕ. ಇನ್ನೂರ ಹನ್ನೆರಡು ದಿನಗಳ ದಂಡ, ಕಂಪನಿಯಲ್ಲಿ ಉಳಿದಿರುವ ಒಬ್ಬಳೇ ನಿರ್ದೇಶಕಿಯಾದ ಆ ಹೆಂಡತಿಯ ತಲೆಗೆ. ಕಟ್ಟಬೇಕೆಂದರೆ ರಟ್ಟು ಕತ್ತರಿಸುವ ಯಂತ್ರ ಮಾರಬೇಕು. ಯಂತ್ರ ಹೋದರೆ ಅವರಿಗೂ ಅಲ್ಲಿ ದುಡಿಯುವ ನಾಲ್ವರು ಹೆಂಗಸರಿಗೂ ಅನ್ನದ ದಾರಿ ಮುಚ್ಚಿದಂತೆ.

ನೋಟಿಸು ನೋಡಿದ ದಿನ ತಾರೀಖಕ್ಕ ಡ್ರಾಯರ್ ಎಳೆದು ಚೀಟಿಗಳನ್ನೆಲ್ಲ ಒಂದೊಂದಾಗಿ ಓದಿದರು. ಅವತ್ತಿನಿಂದ ಒಂದು ಹೊಸ ಪದ್ಧತಿ ಮಾಡಿಕೊಂಡಿದ್ದಾರೆ. ಬೆಳಗಿನ ಹೊತ್ತು ಫಾರಂ ತುಂಬಿಟ್ಟು, ಎಂಟರ ಮೇಲೆ ಒಬ್ಬೊಬ್ಬರಿಗೂ ಫೋನ್ ಮಾಡಿ, "ಸಹಿ ಹಾಕ್ಲಾ?" ಎಂದು ಕೇಳುತ್ತಾರೆ. ಅತ್ತಲಿಂದ "ಹಾಕಿ" ಎಂದು ಬರದೆ ಕೀಲಿ ಮುಟ್ಟುವುದಿಲ್ಲ. ಒಬ್ಬ ನಿರ್ದೇಶಕರು ರೇಗುತ್ತಾರೆ: "ಏನಕ್ಕ, ನಾನಿನ್ನೂ ಉಸಿರಾಡ್ತಿದ್ದೀನಾ ಅಂತ ನೋಡ್ತಿದ್ದೀರಾ?" ತಾರೀಖಕ್ಕ ಸಂಕೋಚಪಡದೆ ಹೇಳುತ್ತಾರೆ: "ಹೂಂ ಸರ್, ಅದಕ್ಕೇ."

ಎಷ್ಟೋ ದಿನ ಅವರು ಆಡುವ ಮಾತುಗಳೆಂದರೆ ಈ ಫೋನಿನವೇ. ಟೈಪಿಸ್ಟ್ ಆಗಿ ಸೇರಿದಾಗ ಎಲ್ಲವೂ ಕಾಗದದಲ್ಲಿತ್ತು. ನೋಂದಣಿ ಕಚೇರಿಯ ಕಿಟಕಿಯ ಮುಂದೆ ಗಂಟೆಗಟ್ಟಲೆ ಸಾಲು. "ಕಾಲು ಬಿದ್ದೇ ಹೋಗ್ತಿತ್ತು. ಆದ್ರೂ ಯಾರ ಮಗಳಿಗೆ ಹೆರಿಗೆ, ಯಾರ ಮಂಡಿ ಹಿಡ್ಕೊಂಡಿದೆ, ಎಲ್ಲಾ ಗೊತ್ತಾಗ್ತಿತ್ತು. ಈಗ ಕೂತಲ್ಲೇ ಕೆಲ್ಸ, ಮನುಷ್ಯರ ಮುಖ ಇಲ್ಲ." ಮದುವೆಯಾಗಲಿಲ್ಲ. ಜೊತೆಗಿದ್ದ ಅಮ್ಮ ಹೋಗಿ ಆರು ವರ್ಷ. ಮನೆಯೆಂದರೆ ಒಂದು ಕೋಣೆ, ಒಂದು ಒಲೆ, ಒಂದು ಕುರ್ಚಿ. ತಂಗಿ ಭಾನುವಾರ ಫೋನ್ ಮಾಡುತ್ತಾಳೆ. "ಅದೂ ನೆನಪಾದ್ರೆ. ಬೇಜಾರಾಗುತ್ತಪ್ಪ, ಇಲ್ಲ ಅಂತ ಸುಳ್ಳು ಯಾಕೆ ಹೇಳ್ಲಿ?"

ಒಂಬತ್ತು ಗಂಟೆಗೆ ಕಚೇರಿಯ ಮುಖ್ಯಸ್ಥರು, ಈ ಕಂಪನಿಗಳ ಸಲಹೆಗಾರರಾದ ಸರ್ ಬರುತ್ತಾರೆ. ಎಲ್ಲ ಫಾರಂಗಳ ಮೇಲಿರುವುದು ಅವರ ಹೆಸರು. ಬಂದವರೇ ಬಾಗಿಲು ಮುಂದೆ ಮಾಡಿ ತಗ್ಗಿದ ದನಿಯಲ್ಲಿ ಹೇಳುತ್ತಾರೆ: "ನೋಡಿ, ಕೀಲಿ ನಮ್ಮತ್ರ ಇತ್ತು ಅಂತ ಬಾಯಿ ಬಿಡ್ಬೇಡಿ. ಮನೆಯವರೇ ಯಾರೋ ಒತ್ತಿರ್ಬೇಕು, ನಮಗೆ ಗೊತ್ತಿಲ್ಲ ಅನ್ನಿ. ಇಲ್ಲಾಂದ್ರೆ ನಿಮ್ಮನ್ನ ಇಟ್ಕೊಳ್ಳೋಕೆ ನನಗೆ ಕಷ್ಟ ಆಗುತ್ತೆ." ತಾರೀಖಕ್ಕ ಡ್ರಾಯರ್‌ಗೆ ಬೀಗ ಹಾಕುತ್ತಾರೆ. ಫೈಲು ಎತ್ತಿಕೊಂಡು ಮೆಟ್ಟಿಲಿಳಿಯುತ್ತಾರೆ.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು, ಗರಗರ ಎನ್ನುವ ಫ್ಯಾನು. ಪೆಟ್ಟಿಗೆ ಕಂಪನಿಯ ಹೆಂಗಸು ಕೈಚೀಲವನ್ನು ಮಡಿಲಲ್ಲಿ ಅವುಚಿಕೊಂಡು ಕುರ್ಚಿಯ ಅಂಚಿಗೆ ಕೂತಿದ್ದಾರೆ. "ನಿಮ್ಮ ಯಜಮಾನರು ತೀರಿಕೊಂಡ ಮೇಲೆ ಅವರ ಸಹಿ ಹಾಕಿದ್ದು ನೀವೇನಾ?" ಎಂದು ಅಧಿಕಾರಿ ಕೇಳುತ್ತಾರೆ. "ಸ್ವಾಮಿ, ನನಗೆ ಕಂಪ್ಯೂಟರ್ ಮುಟ್ಟೋಕೇ ಬರಲ್ಲ," ಎನ್ನುತ್ತಾರೆ ಆಕೆ. ಆಕೆಯ ಪಕ್ಕ ಕೂತ ಸರ್ ಗಂಟಲು ಸರಿಮಾಡಿಕೊಳ್ಳುತ್ತಾರೆ. ಅವರು ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನ ತಾರೀಖಕ್ಕ ಎದ್ದು ನಿಲ್ಲುತ್ತಾರೆ.

"ನಾನು ಹಾಕ್ದೆ ಸಾರ್. ಕೀಲಿ ನನ್ನ ಡ್ರಾಯರ್‌ನಲ್ಲಿತ್ತು. ಅವರು ಹೋಗಿದ್ದು ನನಗೆ ಗೊತ್ತಿರ್ಲಿಲ್ಲ. ಈಯಮ್ಮಂದು ಏನೂ ತಪ್ಪಿಲ್ಲ."

ಅಧಿಕಾರಿ ಫೈಲು ಮಗುಚಿ ಹಾಕುತ್ತಾರೆ. "ನೀವು ಯಾರು? ನಿಮ್ಮ ಹೆಸರು ಎಲ್ಲೂ ಇಲ್ವಲ್ಲ!" "ಇರಲ್ಲ ಸಾರ್," ಎನ್ನುತ್ತಾರೆ ತಾರೀಖಕ್ಕ. ಅಧಿಕಾರಿ ಅವರ ಹೇಳಿಕೆ ಬರೆಸಿಕೊಳ್ಳುತ್ತಾರೆ. ಅರ್ಧ ಗಂಟೆಯಲ್ಲಿ ತೀರ್ಮಾನ: ವಿವರಪತ್ರವನ್ನು ಹೊಸದಾಗಿ ಸಲ್ಲಿಸಬೇಕು, ವಿಧವೆಯ ಮೇಲೂ ಕಂಪನಿಯ ಮೇಲೂ ದಂಡವಿಲ್ಲ. ಸಲಹೆಗಾರರ ಕಚೇರಿಗೆ ಪ್ರತ್ಯೇಕ ನೋಟಿಸು ಹೋಗುತ್ತದೆ. ಯಂತ್ರ ಉಳಿಯಿತು. ಹೊರಗೆ ಬಂದ ಸರ್ ತಾರೀಖಕ್ಕನ ಮುಖ ನೋಡದೆ, "ಈ ತಿಂಗಳು ಮುಗಿಸಿ, ಆಮೇಲೆ ನೋಡೋಣ," ಎಂದು ಕಾರು ಹತ್ತುತ್ತಾರೆ. ಆ 'ನೋಡೋಣ'ದ ಅರ್ಥ ಇಪ್ಪತ್ತಾರು ವರ್ಷ ಜೊತೆಗಿದ್ದವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ನೋಂದಣಿ ಕಚೇರಿಯ ಹೊರಗಿನ ಬೆಂಚಿನ ಮೇಲೆ ಇಬ್ಬರು ಹೆಂಗಸರೂ ಸ್ವಲ್ಪ ಹೊತ್ತು ಕೂರುತ್ತಾರೆ. ವಿಧವೆ ಥ್ಯಾಂಕ್ಸ್ ಹೇಳುವುದಿಲ್ಲ. "ಒಂದು ಫೋನ್ ಮಾಡಿದ್ರೆ ನಾನೇ ಎತ್ತಿ ಹೇಳ್ತಿದ್ನಲ್ಲ ಅಕ್ಕ," ಎನ್ನುತ್ತಾರೆ. "ಮಾಡ್ಬೇಕಿತ್ತು ತಾಯಿ," ಎನ್ನುವ ತಾರೀಖಕ್ಕನ ಕಣ್ಣು ತುಂಬುತ್ತದೆ. "ಹದಿನೇಳು ವರ್ಷ ಅವರ ಸಹಿ ಹಾಕಿದೆ. ಒಂದು ಸಲಾನೂ ಹೇಗಿದ್ದೀರಿ ಅಂತ ಕೇಳ್ಲಿಲ್ಲ."

ಆಕೆ ಹೋದ ಮೇಲೂ ತಾರೀಖಕ್ಕ ಅಲ್ಲೇ ಕೂತಿದ್ದಾರೆ. ಕೆಲಸ ಹೋದರೆ ಏನು ಮಾಡುತ್ತೀರಿ ಎಂದರೆ, ಹೇಗೋ ಆಗುತ್ತೆ ಎಂದು ಕೈಯಾಡಿಸುತ್ತಾರೆ. ಹಾಗಾದರೆ ನಿಮಗೆ ಬೇಕಾಗಿರುವುದೇನು? ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

"ದೊಡ್ಡದೇನೂ ಬೇಡ. ನನಗೆ ಏನಾದ್ರೂ ಆದ್ರೆ, ಅವತ್ತೇ ಯಾರಿಗಾದ್ರೂ ಗೊತ್ತಾಗ್ಲಿ. ಒಂಬತ್ತು ದಿನ ಆಗೋದು ಬೇಡ."