ದೊಡ್ಡವ್ವನ ಮನೆಯ ಕರೆಂಟು

ಆ ದಿನದ ಸಿಟ್ಟು ನನಗಿನ್ನೂ ಇಳಿದಿಲ್ಲ. ಅವ್ವನಿಗೆ ಆಕ್ಸಿಜನ್ ಮಷಿನ್ ಬಿಟ್ಟು ಒಂದು ತಾಸೂ ಇರಲು ಆಗುತ್ತಿರಲಿಲ್ಲ. ಆದರೂ ಮಕ್ತಲ್ ಹತ್ತಿರದ ಹಳ್ಳಿಯಲ್ಲಿ ತನ್ನ ಅಕ್ಕನ ಜೊತೆ ನಾಲ್ಕು ದಿನ ಇದ್ದು ಬರಬೇಕೆಂದು ಒಂದೇ ಹಟ. ಅದಕ್ಕೆಂದೇ ಹಳೇ ವ್ಯಾನಿನಲ್ಲಿ ಮಂಚ, ಫ್ಯಾನು, ಇನ್ವರ್ಟರ್ ಕೂಡಿಸಿ ಗಾಲಿ ಮೇಲೊಂದು ಮನೆ ಮಾಡಿಸಿದೆ. ಇದೊಂದು ಸಲ ಹೋಗಿಬರಲಿ, ಮತ್ತೆ ಕೇಳಬೇಡಿ ಎಂದು ಡಾಕ್ಟರು ಅವ್ವನ ಎದುರಿಗೇ ಹೇಳಿ ಒಪ್ಪಿದ್ದರು.

ಬೆಳಿಗ್ಗೆ ನಮ್ಮೂರು ಗದ್ವಾಲ ಬಿಟ್ಟೆವು. ದೊಡ್ಡವ್ವನ ಅಂಗಳದಲ್ಲಿ ವ್ಯಾನ್ ನಿಲ್ಲಿಸಿ, ಅವರ ಮನೆಯ ಪ್ಲಗ್ಗಿನಿಂದ ವೈರ್ ಎಳೆದು, ನಡುವೆ ನಾನು ತಂದಿದ್ದ ಡಬ್ಬಿ ಕೂಡಿಸಿದೆ. ವೋಲ್ಟೇಜ್ ಏರಿದರೆ ಅದು ಕರೆಂಟು ಕಡಿದುಬಿಡುತ್ತದೆ. ಹೊಲದ ಮೋಟರುಗಳೆಲ್ಲ ಒಮ್ಮೆಲೇ ನಿಂತರೆ ವೋಲ್ಟೇಜ್ ಜಿಗಿದು ಆ ಊರಲ್ಲಿ ಬಲ್ಬು ಸುಡುವುದು ನನಗೆ ಗೊತ್ತಿತ್ತು. ದೊಡ್ಡವ್ವನ ಮಗ, ನನಗೆ ಅಣ್ಣನಾಗಬೇಕು, ಇದ್ಯಾಕೆ ಎಂದು ಕೇಳಿದ. ಉಣ್ಣಲು ಬಂದ ಮನೆಯ ಕರೆಂಟಿಗೆ ಸರಿಯಿಲ್ಲವೆಂದು ಹೆಸರಿಡುವುದು ಹೇಗೆ? "ಏನಿಲ್ಲಣ್ಣಾ, ಸುಮ್ನ ಹಾಕೀನಿ," ಎಂದುಬಿಟ್ಟೆ.

ಡಬ್ಬಿ ತನ್ನ ಕೆಲಸ ತಾನು ಮಾಡುತ್ತಿತ್ತು, ಗಳಿಗೆಗೊಮ್ಮೆ ಕಡಿಯುತ್ತಿತ್ತು. ಮಷಿನ್ ಇನ್ವರ್ಟರ್ ಮೇಲೆ ನಡೆಯುತ್ತಿತ್ತು, ಫ್ಯಾನು ಮಾತ್ರ ನಿಲ್ಲುತ್ತಿತ್ತು. ಮನೆಗೆ ಬಂದ ಅವ್ವ, ಅವನ ಚಿಗವ್ವ, ಬೆವರುತ್ತ ಮಲಗಿದ್ದು ಅಣ್ಣನಿಗೆ ನೋಡಲಾಗಲಿಲ್ಲ. ನಾನು ಒಳಗೆ ರೊಟ್ಟಿ, ಪುಂಡಿಪಲ್ಯ ಉಣ್ಣುತ್ತಿದ್ದಾಗ ಡಬ್ಬಿ ಕಿತ್ತು ವೈರನ್ನು ನೇರ ಪ್ಲಗ್ಗಿಗೆ ಹಾಕಿದ. ನಾನು ಕೈ ತೊಳೆಯುವಷ್ಟರಲ್ಲಿ ಸುಟ್ಟ ವಾಸನೆ. ಇನ್ವರ್ಟರ್ ಹೋಯಿತು, ಜೊತೆಗೆ ಮಷಿನ್ನೂ ಹೋಯಿತು. ಉಳಿದದ್ದು ಮೂರು ತಾಸಿಗಾಗುವ ಒಂದು ಸಿಲಿಂಡರ್.

"ನೀನೇ ಸುಮ್ನ ಹಾಕೀನಿ ಅಂದಿದ್ದೆಲ್ಲ ತಂಗಿ," ಎಂದ ಅಣ್ಣ. ನನಗೆ ಮೈಯೆಲ್ಲ ಉರಿಯಿತು, ಆದರೆ ಯಾವ ಬಾಯಿಂದ ಬೈಯಲಿ? ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಂಡವಳು ಅವ್ವ.

ನಾಲ್ಕು ದಿನಕ್ಕೆಂದು ಬಂದವಳನ್ನು ನಾಲ್ಕು ತಾಸಿಗೇ ಹೊರಡಿಸಿದೆ. ದೊಡ್ಡವ್ವ ಗೋಡೆ ಹಿಡಿದುಕೊಂಡು ವ್ಯಾನಿನ ಬಾಗಿಲ ತನಕ ಬಂದಳು. ಮಷಿನ್ ರಿಪೇರಿ ಆದಮೇಲೆ ತಂಗಿಯನ್ನು ಮತ್ತೆ ಕರೆತರುತ್ತೀಯಲ್ಲ ಎಂದು ಕೇಳಿದಳು.

"ಮುಂದಿನ ತಿಂಗಳ ಬರ್ತೀವಿ ದೊಡ್ಡವ್ವ," ಎಂದೆ.

ಅವ್ವ ಮೂಗಿನ ನಳಿಕೆ ಸರಿಸಿ ನನ್ನ ಕಡೆ ನೋಡಿದಳು.

"ನಮ್ಮಕ್ಕಗಾದ್ರೂ ಖರೇ ಹೇಳು," ಎಂದಳು.